ನೀಲಿ ಟಾರ್ಪಾಲಿನ ಆಟ

ಆಟದ ಟೀಚರ್ ಆವತ್ತು ಬೆಳಗಿನಿಂದಲೂ ಗಡಿಯಾರ ನೋಡುತ್ತಲೇ ಇದ್ದರು. ಹಿಂದಿನ ದಿನ ಹೆಡ್‌ಮಿಸ್ ಕರೆದು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು: "ನಾಳೆ ಏಳನೇ ಕ್ಲಾಸಿನ ನಿಮ್ಮ ಪೀರಿಯಡ್ ನೋಡೋಕೆ ಬರ್ತೀನಿ. ಬರೀ ಗಲಾಟೆಯಾದ್ರೆ ಆ ಪೀರಿಯಡ್ ಗಣಿತಕ್ಕೆ ಹೋಗತ್ತೆ." ಗಣಿತದ ಮೇಷ್ಟ್ರಂತೂ ಆಗಲೇ ಬಾಯಲ್ಲಿ ನೀರೂರಿಸಿಕೊಂಡು ಕೂತಿದ್ದರು.

ಆಟವೇನೋ ಸರಳ. ನೆಲಕ್ಕೆ ಹಾಸಿದ ನೀಲಿ ಟಾರ್ಪಾಲಿನ ಮೇಲೆ ಇಪ್ಪತ್ತೆಂಟೂ ಮಕ್ಕಳು ನಿಲ್ಲಬೇಕು. ಯಾರೂ ಕೆಳಗಿಳಿಯದೆ, ನಿಂತ ಟಾರ್ಪಾಲನ್ನೇ ಮಗುಚಿ ಹಾಕಬೇಕು. ಒಂದೇ ಒಂದು ಕಾಲು ನೆಲಕ್ಕೆ ತಾಗಿದರೂ ಮೊದಲಿಂದ ಶುರು. ಎರಡು ತಿಂಗಳಾದರೂ ಒಮ್ಮೆಯೂ ಆಗಿರಲಿಲ್ಲ. ಮೊದಮೊದಲು ಕಾಲು ತಾಗಿಸಿದವರ ಮೇಲೆ ಉಳಿದವರೆಲ್ಲ ಮುಗಿಬೀಳುತ್ತಿದ್ದರು. 'ಗಡಿಬಿಡಿ' ಅಂತಲೇ ಹೆಸರು ಬಿದ್ದಿದ್ದ ಹುಡುಗಿಗೆ ಬೈಸಿಕೊಂಡು ಬೈಸಿಕೊಂಡು ಆಟದ ಪೀರಿಯಡ್ ಬಂದರೆ ಹೊಟ್ಟೆನೋವು ಬರುವುದು ಅಭ್ಯಾಸವಾಗಿತ್ತು.

ಹೆಡ್‌ಮಿಸ್ ಕುರ್ಚಿ ಹಾಕಿಸಿಕೊಂಡು ಕೂತರು. ಮಕ್ಕಳು ಒಬ್ಬರಿಗೊಬ್ಬರು ಅಂಟಿಕೊಂಡು ಒಂದು ಮೂಲೆಗೆ ಸರಿದರು. ಖಾಲಿಯಾದ ಅಂಚನ್ನು ಉದ್ದಕಾಲಿನ ಹುಡುಗ ಬಗ್ಗಿ ಮಡಚಿದ. ಮಡಚಿದ್ದರ ಮೇಲೆ ಒಬ್ಬೊಬ್ಬರೇ ದಾಟಿದರು. ಅರ್ಧ ಆಯಿತು, ಮುಕ್ಕಾಲೂ ಆಯಿತು. ಇನ್ನೊಂದು ಮೊಳ ಅಷ್ಟೇ!

ಇದ್ದಕ್ಕಿದ್ದಂತೆ ಗುಂಪಿನಲ್ಲಿ ಗುಸುಗುಸು.

"ಟೀಚರ್, ಕಾಲು ತಾಗ್ತು," ಎಂದ ಉದ್ದಕಾಲಿನವನು.

ಟೀಚರೂ ನೋಡಿರಲಿಲ್ಲ, ಹೆಡ್‌ಮಿಸ್ಸೂ ನೋಡಿರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಗೆದ್ದೇಬಿಡುತ್ತಿದ್ದವಲ್ಲ, ಪೆದ್ದು ಮುಂಡೇವು! ಟೀಚರ್ ಮನಸ್ಸಿನಲ್ಲೇ ಗೊಣಗಿದರು.

"ಯಾರ ಕಾಲು?" ಹೆಡ್‌ಮಿಸ್ ಕೇಳಿದರು.

"ನಮ್ಮ ಕಾಲು, ಮಿಸ್," ಎಂದ ಅವನೇ.

"ಒಂದು ಕಾಲು ತಾಗಿದ್ರೆ ಅದು 'ನನ್ನ ಕಾಲು' ಆಗತ್ತೆ. 'ನಮ್ಮ ಕಾಲು' ಹೇಗಾಗತ್ತೆ?" ಇಪ್ಪತ್ತು ವರ್ಷ ವ್ಯಾಕರಣ ಪಾಠ ಮಾಡಿದವರು, ಏಕವಚನ ಬಹುವಚನದಲ್ಲಿ ತಪ್ಪು ಕಂಡರೆ ಬಿಡುವ ಪೈಕಿಯಲ್ಲ. "ಸರಿಯಾಗಿ ಹೇಳಿ, ಯಾರದ್ದು?"

"ನಮ್ದೇ ಮಿಸ್!" ಈ ಸಲ ಇಡೀ ಕ್ಲಾಸು.

ನಟ್ಟನಡುವೆ 'ಗಡಿಬಿಡಿ'ಯ ಮುಖ ಕೆಂಪಗಾಗಿತ್ತು. ಅವಳ ತೋಳುಗಳನ್ನು ಆಚೀಚೆಯವರು ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಟೀಚರಿಗೆ ಎಲ್ಲ ಅರ್ಥವಾಯಿತು. ಅವಳನ್ನು ಬೈಯುತ್ತಿದ್ದವರೇ ಇವರು! ಟೀಚರಿಗೆ ಹೆಮ್ಮೆಯೆನಿಸಿತು.

ಮಕ್ಕಳು ಟಾರ್ಪಾಲನ್ನು ಮತ್ತೆ ಹಾಸಿ ಮೊದಲಿಂದ ಶುರು ಮಾಡಿದರು. ಅರ್ಧಕ್ಕೆ ಬರುವಷ್ಟರಲ್ಲಿ ಬೆಲ್ ಹೊಡೆಯಿತು.

ಹೆಡ್‌ಮಿಸ್ ಎದ್ದು ಟೀಚರ ಪಕ್ಕಕ್ಕೆ ಬಂದರು. "ಹಾಗೆ ಹೇಳ್ಬೇಕು ಅಂತ ನೀವು ಹೇಳಿಕೊಟ್ಟಿದ್ದಾ?"

ಹೌದು ಅಂದಿದ್ದರೆ ಪೀರಿಯಡ್ ಉಳಿಯುತ್ತಿತ್ತೋ ಏನೋ. ಆದರೆ ಮಕ್ಕಳ ಗೆಲುವನ್ನು ತಮ್ಮ ಹೆಸರಿಗೆ ಬರೆದುಕೊಳ್ಳಲು ಟೀಚರಿಗೆ ಮನಸ್ಸು ಬರಲಿಲ್ಲ.

"ಇಲ್ಲ ಮಿಸ್. ಅವರೇ ಕಲ್ತಿದ್ದು."

ಹೆಡ್‌ಮಿಸ್ ಮಕ್ಕಳನ್ನು ಒಂದು ಗಳಿಗೆ ನೋಡಿದರು. "ಇದನ್ನ ನಾನು ಬೋರ್ಡಿನ ಮೇಲೆ ಬರೆದು ಕಲಿಸೋಕಾಗಲ್ಲ. ಪೀರಿಯಡ್ ಇಟ್ಕೊಳ್ಳಿ. ಗಣಿತದ ಮೇಷ್ಟ್ರಿಗೆ ನಾನೇ ಹೇಳ್ತೀನಿ."

ಮಕ್ಕಳನ್ನು ಸಾಲು ಮಾಡಿಸಲು ಟೀಚರ್ ಸೀಟಿ ಬಾಯಿಗಿಟ್ಟರು. ಊದುವಷ್ಟರಲ್ಲಿ ಮಕ್ಕಳು ತಾವಾಗಿಯೇ ಸಾಲು ನಿಂತರು.