ಮಾವನ ಹೊಸ ಕಣ್ಣು

ಕಣ್ಣಿನ ಪೊರೆ ತೆಗೆಸಿಕೊಂಡು ಮನೆಗೆ ಬಂದ ದಿನ ಮಾವ ಹೊಸ್ತಿಲಲ್ಲೇ ನಿಂತು, "ಅಲ್ಲ, ನನ್ನನ್ನೊಂದು ಮಾತು ಕೇಳದೆ ಗೋಡೆಗೆ ಬಿಳಿ ಬಣ್ಣ ಹೊಡೆಸಿದ್ದೀರಲ್ಲ!" ಎಂದು ರೇಗಿದರು. ಗೋಡೆಯನ್ನು ಯಾರೂ ಮುಟ್ಟಿರಲಿಲ್ಲ. ಅತ್ತೆ, ಸೊಸೆ ಇಬ್ಬರೂ ಬಿದ್ದು ಬಿದ್ದು ನಕ್ಕರು.

ಮಾವ-ಸೊಸೆ ಒಂದೇ ಎರಕದ ಕಾರ್ಖಾನೆಯವರು. ಕರಗಿದ ಕಬ್ಬಿಣದ ಬಣ್ಣ ನೋಡಿ, ಅಚ್ಚಿಗೆ ಹೊಯ್ಯುವಷ್ಟು ಕಾದಿದೆಯೇ ಎಂದು ಹೇಳುವುದು ಮಾವನ ಕಸುಬು. ಶಾಖ ಅಳೆಯುವ ಕಡ್ಡಿಯನ್ನು ಕುಲುಮೆಗೆ ಅದ್ದಿ, ಅಂಕಿ ನೋಡಿಕೊಂಡು ಉರಿ ಏರಿಸಿ ಇಳಿಸುವುದು ಸೊಸೆಯದು. ಕಡ್ಡಿ ಬಂದದ್ದು ಈಚೆಗೆ. ಅದು ಮಾವನಿಗೆ ಎದುರು ನುಡಿದದ್ದೇ ಇಲ್ಲ, ಹಾಗಾಗಿ ಮನೆಯಲ್ಲೂ ಶಾಂತಿಯಿತ್ತು.

ರಜೆ ಮುಗಿಸಿ ಬಂದ ಬೆಳಿಗ್ಗೆ ಮಾವ ಕುಲುಮೆಗೆ ಇಣುಕಿ, "ಆಯ್ತು, ಹುಯ್ರಿ" ಎಂದರು.

"ತಡೀರಿ ಮಾವ, ಕಡ್ಡಿ ಇನ್ನೂ ಕಮ್ಮಿ ತೋರಿಸ್ತಿದೆ."

"ನಿನ್ನ ಕಡ್ಡಿ ಮೊನ್ನೆ ಹುಟ್ಟಿದ್ದು ಕಣಮ್ಮ. ಬೆಳ್ಳಗೆ ಹೊಳೀತಿದೆ, ಕಾಣಲ್ವಾ?"

ಹೊಯ್ದರು. ಅಚ್ಚು ಬಿಚ್ಚಿದಾಗ ಪಂಪಿನ ಕವಚದ ನಡುವೆ ಬಿರುಕಿನಂಥ ಗೆರೆ. ಎರಡು ಕಡೆಯಿಂದ ಹರಿದ ಕಬ್ಬಿಣ ಬೆಸೆಯುವ ಮೊದಲೇ ತಣಿದಿತ್ತು. ಮಧ್ಯಾಹ್ನವೂ ಮಾವನ ಮಾತೇ ನಡೆದು, ಆ ಎರಕವೂ ಹಾಗೇ ಕೆಟ್ಟಿತು. ಯಜಮಾನ ಮಾವನ ಮುಖ ನೋಡದೆ, "ಸಂಜೇದೂ ಹೀಗಾದ್ರೆ ನಾಳೆಯಿಂದ ನೀವು ಗೋದಾಮು ನೋಡ್ಕೊಳ್ಳಿ" ಎಂದ.

ಮಾವ ಮರಳಗುಡ್ಡೆಯ ಮೇಲೆ ಕುಸಿದು ಕೂತರು. "ಕಣ್ಣು ಸರಿಹೋಯ್ತು, ತಲೆ ಕೆಟ್ಟೋಯ್ತೇನೋ."

ಸೊಸೆ ಕಡ್ಡಿಯನ್ನು ಬದಿಗಿಟ್ಟು ಅವರ ಪಕ್ಕ ಬಂದು ಕೂತಳು. ಆಗಲೇ ಅವಳಿಗೆ ಆ ಗೋಡೆ ನೆನಪಾಯಿತು.

"ಮಾವ, ನಮ್ಮ ಗೋಡೆ ಮೊದಲಿಂದ್ಲೂ ಬಿಳೀನೇ. ಪೊರೆ ಇದ್ದಾಗ ನಿಮಗೆ ಹಳದಿ ಕಾಣ್ತಿತ್ತು. ಕಬ್ಬಿಣಾನೂ ಅಷ್ಟೇ, ಈಗ ಪೂರ್ತಿ ಕಾಯೋ ಮೊದಲೇ ಬೆಳ್ಳಗೆ ಕಾಣುತ್ತೆ."

"ಅಂದ್ರೆ ಇಷ್ಟು ವರ್ಷ ನಾನು ನೋಡಿದ್ದೆಲ್ಲ ಸುಳ್ಳಾ?"

"ಸುಳ್ಳಾಗಿದ್ರೆ ಎರಕ ಕೂಡ್ತಿತ್ತಾ? ಈ ಕಣ್ಣಿಗೆ ಇನ್ನೊಂದ್ಸಲ ಕಲಿಸ್ಬೇಕು, ಅಷ್ಟೇ."

ಸಂಜೆ ಕಬ್ಬಿಣ ಮತ್ತೆ ಬೆಳ್ಳಗೆ ಹೊಳೆಯಿತು. ಎಲ್ಲರೂ ರೂಢಿಯಂತೆ ಮಾವನತ್ತ ತಿರುಗಿದರು. ತುದಿನಾಲಿಗೆಗೆ ಬಂದ ಮಾತನ್ನು ನುಂಗಿಕೊಂಡು ಅವರು, "ನನ್ನ ಕೇಳ್ಬೇಡಿ, ಅವಳನ್ನ ಕೇಳಿ" ಎಂದರು. ಆ ಮಾತು ಆಡುವುದು ಅವರಿಗೆ ಸುಲಭವಾಗಿರಲಿಲ್ಲ.

ಸೊಸೆ ಉರಿ ಏರಿಸಿದಳು, ಕಡ್ಡಿ ಅದ್ದಿದಳು. ಬೇಕಾದ ಅಂಕಿ ಮೂಡಿತು. ಆದರೆ ಹೊಯ್ಯಲು ಹೇಳದೆ, ಕೈ ಎತ್ತಿ ಎಲ್ಲರನ್ನೂ ತಡೆದಳು.

"ಮಾವ, ಬನ್ನಿ. ಚೆನ್ನಾಗಿ ನೋಡ್ಕೊಳ್ಳಿ. ಇನ್ಮೇಲೆ ಇದೇ ಬಣ್ಣ."

ಮಾವ ಬಗ್ಗಿ, ರೆಪ್ಪೆ ಮಿಟುಕಿಸದೆ ನೋಡಿದರು. ಹೊಸ ಕಣ್ಣು ತುಂಬಿಬಂತು. ತೋಳಿನಿಂದ ಒರೆಸಿಕೊಂಡು ಮತ್ತೆ ನೋಡಿದರು.

"ನೋಡಿದ್ರಾ?"

"ಹ್ಞೂಂ."

"ಹಾಗಾದ್ರೆ ನೀವೇ ಹೇಳಿ" ಎಂದಳು ಸೊಸೆ.