ನಾಲ್ಕನೇ ಕ್ರೇನು ನಿಂತಾಗ

"ಅಕ್ಕಾ, ಮತ್ತೆ ನಿಂತುಹೋಯ್ತು. ಪೆಟ್ಟಿಗೆ ಗಾಳೀಲೇ ಇದೆ."

ವಾಕಿಟಾಕಿಯಲ್ಲಿ ಕ್ರೇನು ಚಾಲಕ ರಾಮದಾಸನ ತಮಿಳು ದನಿ ಕೇಳಿದಾಗ ಚೈತನ್ಯಾ ಹತ್ತಿರದ ಮಮಕ್ ಹೋಟೆಲಿನಿಂದ ಕಟ್ಟಿಸಿಕೊಂಡು ತಂದಿದ್ದ ನೂಡಲ್ಸಿನ ಪೊಟ್ಟಣ ಬಿಚ್ಚುತ್ತಿದ್ದಳು. ಹಾಗೇ ಮುಚ್ಚಿಟ್ಟು ಕಿಟಕಿಯಾಚೆ ನೋಡಿದಳು. ಮಲೇಶಿಯಾದ ಕ್ಲಾಂಗ್ ಬಂದರಿನ ಬಿಸಿಲಲ್ಲಿ ನಾಲ್ಕನೇ ಕ್ರೇನು ಕೊಕ್ಕು ಚಾಚಿಕೊಂಡು ನಿಂತಿತ್ತು. ಹಡಗಿಗೂ ದಡಕ್ಕೂ ನಡುವೆ ನೀಲಿ ಕಂಟೇನರ್ ತೂಗುತ್ತಿತ್ತು.

ಬ್ರೇಕು ಹಿಡಿದಿದ್ದರಿಂದ ಅದು ಬೀಳುವ ಭಯವಿರಲಿಲ್ಲ. ಆದರೆ ಭಾರ ತೂಗುತ್ತಿರುವಾಗ ಚಾಲಕ ಕ್ಯಾಬಿನ್ ಬಿಟ್ಟು ಇಳಿಯುವಂತಿಲ್ಲ. ಕ್ರೇನು ನಡೆಸುವ ಕಂಪ್ಯೂಟರ್, ಅಂದರೆ ಕಂಟ್ರೋಲರ್, ನಿಂತರೆ ಏಸಿಯೂ ನಿಲ್ಲುತ್ತದೆ. ಆ ಎತ್ತರದ ಗಾಜಿನ ಗೂಡಿನಲ್ಲಿ ಅವನು ಬೇಯುತ್ತಾ ಕೂರಬೇಕು.

ಕ್ರೇನುಗಳ ಪ್ರೋಗ್ರಾಮು ಹಳೆಯ ಭಾಷೆಯೊಂದರಲ್ಲಿತ್ತು. ಅದರಲ್ಲಿ ಎಲ್ಲವನ್ನೂ ತಟ್ಟೆಗಳ ಹಾಗೆ ಒಂದರ ಮೇಲೊಂದು ಪೇರಿಸಬೇಕು, ಮೇಲಿನಿಂದಲೇ ತೆಗೆಯಬೇಕು. ಆ ಪೇರಿಕೆಗೆ ಸ್ಟ್ಯಾಕ್ ಎನ್ನುತ್ತಾರೆ. ಹಡಗಿನ ಹೆಸರು, ಪೆಟ್ಟಿಗೆಯ ಗುರುತು, ಎಚ್ಚರಿಕೆಯ ಮಾತು ಇವನ್ನೆಲ್ಲ ಜೋಡಿಸಿ ಪರದೆಗೆ ಕಳಿಸುವ ಸಾಲು ಒಂದೊಂದು ಸಲ ಒಂದೊಂದು ಉದ್ದ. ಪ್ರತಿ ಸಾಲಿಗೂ ಪ್ರೋಗ್ರಾಮು ಮೆಮರಿಯಲ್ಲಿ ಹೊಸ ಜಾಗ ಹಿಡಿಯುತ್ತಿತ್ತು. ಸ್ಟ್ಯಾಕಿನಿಂದ ಸಾಲು ಹೋದ ಮೇಲೂ ಆ ಜಾಗವನ್ನು ಬಿಟ್ಟುಕೊಡುತ್ತಿರಲಿಲ್ಲ. ಹಾಗೆ ತುಂಬುತ್ತಾ ಬಂದು ಒಂದು ದಿನ ಎಲ್ಲವೂ ನಿಲ್ಲುತ್ತಿತ್ತು. ಆಗ ಚೈತನ್ಯಾ ಕೂತು ಕೈಯಾರೆ ಖಾಲಿ ಮಾಡಬೇಕು. ಆ ಭಾಷೆ ಬಲ್ಲವರು ಅಲ್ಲಿ ಬೇರೆ ಯಾರೂ ಉಳಿದಿರಲಿಲ್ಲ.

ಅವಳ ಗಂಡ ಭುವನ್ ಮಣಿಪಾಲದ ಕಾಲೇಜಿನ ಕೆಲಸಕ್ಕೆ ಮರಳಿ, ಮಗಳನ್ನು ಅಲ್ಲೇ ಶಾಲೆಗೆ ಸೇರಿಸಿದ್ದ. ಅವರ ಹಿಂದೆಯೇ ಹೊರಡಬೇಕಿದ್ದ ಚೈತನ್ಯಾ ರಾಜೀನಾಮೆ ಕೊಟ್ಟಿದ್ದಳು. ಉಡುಪಿ ಕಡೆಯ ಮ್ಯಾನೇಜರ್ ಯಜ್ಞನಾರಾಯಣ ಮಾತ್ರ ಪ್ರತಿಸಲವೂ ನಗುತ್ತಲೇ "ಈ ಹಡಗೊಂದು ಹೋಗ್ಲಿ" ಎನ್ನುತ್ತಿದ್ದರು. ಹಡಗುಗಳು ಬರುತ್ತಲೇ ಇದ್ದವು. ಸಾಲು ಸ್ಟ್ಯಾಕಿನಿಂದ ಇಳಿದ ಕೂಡಲೇ ಅದರ ಜಾಗವೂ ವಾಪಸಾಗುವಂತೆ ಅವಳು ಹೊಸದಾಗಿ ಬರೆದು, ಮೂಲೆಯಲ್ಲಿದ್ದ ಹೆಚ್ಚುವರಿ ಕಂಟ್ರೋಲರಿನಲ್ಲಿ ವಾರಗಟ್ಟಲೆ ಓಡಿಸಿ ನೋಡಿದ್ದಳು. ಅದನ್ನು ಹಾಕಲು ಕ್ರೇನು ನಿಲ್ಲಿಸಬೇಕು. ಅದಕ್ಕೆ ಅವರು ಒಪ್ಪುತ್ತಿರಲಿಲ್ಲ.

ಈಗ ಕ್ರೇನು ತಾನಾಗಿಯೇ ನಿಂತಿತ್ತು. ಅವಳ ಬೆರಳು ಕೀಲಿಗಳ ಮೇಲೆ ತಡೆಯಿತು.

"ರಾಮದಾಸ್, ಐದು ನಿಮಿಷದಲ್ಲಿ ನಿಮ್ಮನ್ನ ಇಳಿಸ್ಬಹುದು. ಆದ್ರೆ ಮುಂದಿನ ವಾರ ಮತ್ತೆ ನಿಲ್ಲುತ್ತೆ. ಅರ್ಧ ಗಂಟೆ ತಡ್ಕೊಂಡ್ರೆ ಇನ್ನು ನಿಲ್ಲದ ಹಾಗೆ ಮಾಡ್ತೀನಿ. ನೀರಿದ್ಯಾ?"

ಗರಗರ ಸದ್ದಿನ ನಡುವೆ ರಾಮದಾಸನ ದನಿ ಬಂತು.

"ಅರ್ಧ ಬಾಟ್ಲಿ ಇದೆ. ಮುಂದಿನ ವಾರಾನೂ ಹತ್ತೋನು ನಾನೇ ಅಲ್ವಾ ಅಕ್ಕಾ. ಮಾಡಿಬಿಡಿ."

ಅವಳು ಹಳೆಯ ಪ್ರೋಗ್ರಾಮನ್ನು ಅಳಿಸಿದಳು. ಇನ್ನು ಹಿಂದಕ್ಕೆ ಹೋಗುವ ಹಾಗಿರಲಿಲ್ಲ. ಹೊಸದು, ಆ ಭಾಷೆಯಲ್ಲಿ ಪದವೆನ್ನುವ ಒಂದೊಂದೇ ಆಜ್ಞೆಯಾಗಿ, ನಿಧಾನಕ್ಕೆ ಇಳಿಯತೊಡಗಿತು. ಆಗಾಗ ಅವನನ್ನು ಕರೆದು ಮಾತಾಡಿಸಿದಳು. ಮೊದಲು ತಮಾಷೆ ಮಾಡಿದ, ಆಮೇಲೆ ಬರೀ "ಹೂಂ" ಎಂದ. ಒಮ್ಮೆ ಕರೆದಾಗ ಉತ್ತರವೇ ಬರಲಿಲ್ಲ.

ಅವನನ್ನು ಕೇಳಿಯೇ ಮಾಡಿದ್ದು ನಿಜ. ಆದರೆ ಕೇಳಿದ್ದು ಯಾರಿಗಾಗಿ? ಮಣಿಪಾಲದ ಮನೆಯಿಂದ ವೀಡಿಯೊ ಕಾಲಿನಲ್ಲಿ "ವೆನ್ ಆರ್ ಯೂ ಕಮಿಂಗ್" ಎನ್ನುವ ಮಗಳ ಮುಖ ಕಣ್ಮುಂದೆ ಬಂತು.

"ರಾಮದಾಸ್, ಮಾತಾಡಿ. ಏನಾದ್ರೂ ಹೇಳಿ."

"ಶರ್ಟು ಬಿಚ್ಚಿದೀನಿ ಅಕ್ಕಾ," ಬಹಳ ಹೊತ್ತಿನ ಮೇಲೆ ಒಣಗಿದ ದನಿ ಬಂತು. "ಯಾರಿಗೂ ಹೇಳ್ಬೇಡಿ."

ಕಂಟ್ರೋಲರ್ ಎಚ್ಚೆತ್ತಾಗ ಅವಳು ಹಡಗಿನ ಉದ್ದನೆಯ ಹೆಸರನ್ನು ಮತ್ತೆಮತ್ತೆ ಪರದೆಗೆ ಕಳಿಸಿ ನೋಡಿದಳು. ಹಿಡಿದಷ್ಟೂ ಜಾಗ ವಾಪಸು ಬರುತ್ತಿತ್ತು. "ಇಳಿಸಿ" ಎಂದಳು. ನೀಲಿ ಪೆಟ್ಟಿಗೆ ನಡುಗಿ, ಮೆಲ್ಲಗೆ ದಡದ ಲಾರಿಯ ಮೇಲೆ ಕೂತಿತು.

ಯಜ್ಞನಾರಾಯಣ ಒಳಬಂದದ್ದು ಆಗ. ಪರದೆ ನೋಡಿದರು. ಮುಖ ಬಿಗಿದು ಮತ್ತೆ ಸಡಿಲಾಯಿತು.

"ಕೇಳದೆ ಮಾಡಿದ್ರಲ್ಲ ನೀವು."

"ಹೌದು ಸರ್. ನಾಲ್ಕನೇದು ಇನ್ನು ನಿಲ್ಲಲ್ಲ. ನಾಡಿದ್ದು ನಾನು ಹೊರಡ್ತೀನಿ."

"ಉಳಿದ ಕ್ರೇನು ಯಾರು ನೋಡುದು ಮಾರಾಯ್ರೆ? ಇಷ್ಟು ಚಂದ ಆಯ್ತಲ್ಲ, ಎಲ್ಲದಕ್ಕೂ ಹಾಕಿಯೇ ಹೋಗಿ. ಅಷ್ಟರವರೆಗೆ ನಾನು ಬಿಡುದು ಹೇಗೆ?"

ಚೈತನ್ಯಾ ಎದ್ದು ಕುರ್ಚಿಯನ್ನು ಅವರ ಕಡೆ ತಿರುಗಿಸಿದಳು.

"ಕೂತ್ಕೊಳ್ಳಿ ಸರ್. ಐದನೇದನ್ನ ನೀವು ಮಾಡಿ."

"ನಂಗೆ ಬರುದಿಲ್ಲ ಅದು. ಎಲ್ಲ ಉಲ್ಟಾ."

"ಉಲ್ಟಾ ಏನಲ್ಲ. ಮೊದಲು ವಸ್ತು, ಆಮೇಲೆ ಕೆಲಸ. ಅಕ್ಕಿ, ನೀರು, ಬೇಯಿಸು. ನಾವು ಮಾತಾಡೋದೇ ಹಾಗಲ್ವಾ."

ಅವರು ಬಾಗಿಲ ಕಡೆ ನೋಡಿದರು, ಅವಳ ಕಡೆ ನೋಡಿದರು. ಅವಳು ಬ್ಯಾಗನ್ನು ಹೆಗಲಿಗೇರಿಸಿದ್ದಳು. ಕೊನೆಗೆ ಅವರು ಕೂತು ಕನ್ನಡಕ ಹಾಕಿಕೊಂಡರು. ಒಂದು ಬೆರಳು ಕೀಲಿಗಳ ಮೇಲೆ ಹುಡುಕಾಡಿತು.

ಕಿಟಕಿಯಾಚೆ ಕೆಳಗೆ ನಲ್ಲಿಯ ಬಳಿ ರಾಮದಾಸ ಶರ್ಟು ಹೆಗಲ ಮೇಲೆ ಎಸೆದುಕೊಂಡು ನೀರಿಗೆ ತಲೆಯೊಡ್ಡಿ ಬಗ್ಗಿದ್ದ. ಎಷ್ಟು ಹೊತ್ತಾದರೂ ಅವನು ಏಳಲಿಲ್ಲ. ಅವನನ್ನೇ ನೋಡುತ್ತಾ, ಕುರ್ಚಿಯ ಹಿಂದೆ ನಿಂತು, ಚೈತನ್ಯಾ ಮೊದಲ ಪದವನ್ನು ಅಕ್ಷರ ಅಕ್ಷರವಾಗಿ ಬಿಡಿಸಿ ಹೇಳಿದಳು.