ಬಾಲಂಗೋಚಿಯ ನಿಲ್ಲದ ಟ್ರಕ್ಕು

ಕನ್ನಡಕದ ಅಂಗಡಿಯ ಯಜಮಾನರ ಟ್ರಕ್ಕಿಗೆ ಒಂದು ಚಟವಿತ್ತು. ಕಡಿದಾದ ಏರು ಕಂಡರೆ ನಿಂತುಬಿಡುತ್ತಿತ್ತು. ಹಾಗೆಂದು ಅದೇನೂ ಕೆಟ್ಟ ಗಾಡಿಯಲ್ಲ. ಅವರ ಮದುವೆಗಿಂತ ಹಳೆಯದು, ಮದುವೆಯಷ್ಟೇ ಗಟ್ಟಿಮುಟ್ಟು. ತೊಂದರೆಯೆಲ್ಲ ಕಾರ್ಬುರೇಟರಿನದು. ಎಂಜಿನ್ನಿಗೆ ಪೆಟ್ರೋಲು ಉಣಿಸುವ ಆ ಪುಟ್ಟ ಡಬ್ಬಿಯೊಳಗೆ ಒಂದು ಬಟ್ಟಲಿದೆ. ಗಾಡಿಯ ಮೂತಿ ಆಕಾಶ ನೋಡಿತೆಂದರೆ ಬಟ್ಟಲಿನ ಪೆಟ್ರೋಲೆಲ್ಲ ಹಿಂದಕ್ಕೆ ವಾಲಿ, ಎಂಜಿನ್ನು ಉಪವಾಸ ಬಿದ್ದು, ಎರಡು ಸಲ ಕೆಮ್ಮಿ ಕಣ್ಣು ಮುಚ್ಚುತ್ತದೆ. ಮೆಲ್ಲಗೆ ಹಿಂದಕ್ಕೆ ಇಳಿಸಿ, ಸಮತಟ್ಟು ನೆಲದಲ್ಲಿ ಒಂದಿಷ್ಟು ಹೊತ್ತು ಸುಮ್ಮನಿದ್ದರೆ ತಾನಾಗಿ ಸರಿಹೋಗುತ್ತದೆ. ಮನೆಯಿಂದ ಅಂಗಡಿಗೆ ಹೋಗಿ ಬರುವವನಿಗೆ ಇದು ಗೊತ್ತೇ ಆಗುವುದಿಲ್ಲ. ಆದರೆ ಯಜಮಾನರು, ಸರ್ಕಾರ ಕಷ್ಟಪಟ್ಟು ಹಾಕಿಸಿದ ರಸ್ತೆಯನ್ನು ಬಿಟ್ಟು ಭಾನುವಾರ ಕಲ್ಲುಮುಳ್ಳಿನಲ್ಲಿ ಗಾಡಿ ಓಡಿಸುವವರ ಕ್ಲಬ್ಬಿಗೆ ಸೇರಿದ್ದರು.

ಕ್ಲಬ್ಬಿನ ಮುಖಂಡನನ್ನು ಎಲ್ಲರೂ ಕ್ಯಾಪ್ಟನ್ ಎನ್ನುತ್ತಿದ್ದರು. ಆತ ಟೈಲ್ಸ್ ವ್ಯಾಪಾರಿ. ಸೈನ್ಯದ ಗೇಟನ್ನೂ ಕಂಡವನಲ್ಲ. ಪಾಳುಬಿದ್ದ ಕಲ್ಲುಕ್ವಾರಿಯ ಮೊದಲ ಏರಿನಲ್ಲಿ ಅವನದೊಂದು ಕಾನೂನಿತ್ತು. ನಿಲ್ಲದೆ ಎಲ್ಲರಿಗಿಂತ ಬೇಗ ಹತ್ತಿದ ಗಾಡಿ ಅವತ್ತು ಸಾಲಿನ ಮುಂದೆ. ನಿಂತುಹೋದ ಗಾಡಿ ಸಾಲಿನ ಕೊನೆಗೆ. ಮುಂದಿನವನನ್ನು ಯಾರೂ ದಾಟುವಂತಿಲ್ಲ, ಅವನು ಹೋದ ದಾರಿಯನ್ನು ಬಿಡುವಂತಿಲ್ಲ. ಈ ಕಾನೂನಿನ ಪ್ರಕಾರ ಯಜಮಾನರು ವರ್ಷಗಟ್ಟಲೆ ಕೊನೆಯವರಾಗಿಯೇ ಇದ್ದು, ಇಡೀ ಕ್ಲಬ್ಬಿನ ಧೂಳು ಕುಡಿದು, ಸಂಜೆ ಹುಬ್ಬೆಲ್ಲ ಕೆಂಪಗೆ ಮಾಡಿಕೊಂಡು ಮನೆಗೆ ಬರುತ್ತಿದ್ದರು. ಬಾಲಂಗೋಚಿ ಎಂಬ ಹೆಸರೂ ಬಿತ್ತು. ಮೊದಮೊದಲು ಬೆನ್ನ ಹಿಂದೆ, ಆಮೇಲೆ ಮುಖದ ಮುಂದೆಯೇ.

ಅವರ ಹೆಂಡತಿಗೆ ಮಾತ್ರ ಟ್ರಕ್ಕಿನ ಮೇಲೆ ಯಾವ ದೂರೂ ಇರಲಿಲ್ಲ. ಗಾಡಿ ಕೆಮ್ಮಿತೆಂದರೆ ಆಕೆ ಫ್ಲಾಸ್ಕು ಹಿಡಿದು ಇಳಿಯುತ್ತಿದ್ದರು. ಇಬ್ಬರೂ ಬಂಡೆಯ ಮೇಲೆ ಕುಳಿತು ಚಹಾ ಕುಡಿಯುವರು. ಅಂಗಡಿಯಲ್ಲಿ ದಿನವಿಡೀ ಗಿರಾಕಿಗಳ ಕಣ್ಣಲ್ಲಿ ಕಣ್ಣಿಟ್ಟು ನೋಡುವ ಮನುಷ್ಯ ತನ್ನ ಮುಖವನ್ನು ನೋಡುತ್ತಿದ್ದದ್ದು ಆ ಹೊತ್ತಿನಲ್ಲಿ ಮಾತ್ರ ಎಂಬುದು ಆಕೆಗೆ ಗೊತ್ತಿತ್ತು. ಮಗಳ ಮದುವೆ ನಿಶ್ಚಯವಾದದ್ದೂ ಅಂಥ ಒಂದು ಬಂಡೆಯ ಮೇಲೆಯೇ.

ಆ ಮದುವೆಯಿಂದಲೇ ಎಡವಟ್ಟಾಯಿತು. ಹೊಸ ಅಳಿಯನನ್ನು ಕ್ಲಬ್ಬಿನವರಿಗೆ ಪರಿಚಯ ಮಾಡಿಸಿದಾಗ ಕ್ಯಾಪ್ಟನ್ ಅವನ ಕೈ ಕುಲುಕಿ, "ಓಹೋ, ನಮ್ಮ ಬಾಲಂಗೋಚಿಯ ಅಳಿಯನಾ ನೀವು" ಎಂದುಬಿಟ್ಟ. ಅಳಿಯ ನಕ್ಕ. ಪಾಪ, ಮರ್ಯಾದೆಗೆ ನಕ್ಕದ್ದು. ಯಜಮಾನರಿಗೆ ಅದು ಎದೆಗೆ ನಾಟಿತು. ಮಗಳು ಗಂಡನ ಮನೆಯಲ್ಲಿ ಬಾಲಂಗೋಚಿಯ ಮಗಳು ಅನ್ನಿಸಿಕೊಳ್ಳುವುದನ್ನು ನೆನೆದು ಅನ್ನ ಇಳಿಯಲಿಲ್ಲ. ಈ ಅಳಿಯನ ಕಣ್ಣೆದುರೇ ಒಂದು ಸಲವಾದರೂ ಸಾಲಿನ ಮುಂದೆ ಹೋಗಬೇಕು, ಇಲ್ಲದಿದ್ದರೆ ಗಾಡಿಯನ್ನೇ ಗುಜರಿಗೆ ಹಾಕಬೇಕು ಎಂದು ತೀರ್ಮಾನಿಸಿದರು.

ಮರುದಿನದಿಂದ ಮನೆಯಲ್ಲಿ ಬೇರೆ ಮಾತೇ ಇಲ್ಲ. ಕಾರ್ಬುರೇಟರನ್ನೇ ರಿಪೇರಿ ಮಾಡಿಸಿ ಇಟ್ಟುಕೊಳ್ಳುವುದೋ, ಕಿತ್ತೊಗೆದು ಇಂಜೆಕ್ಷನ್ ಹಾಕಿಸುವುದೋ? ಕ್ಲಬ್ಬಿನಲ್ಲಿ ಎರಡು ಪಕ್ಷಗಳಿದ್ದವು. ಕಾಡಿನ ನಡುವೆ ಕೈಕೊಟ್ಟರೆ ಕಾರ್ಬುರೇಟರನ್ನು ಬಿಚ್ಚಿ, ಬಾಯಿಂದ ಊದಿ, ಮತ್ತೆ ಹಾಕಿ ಮನೆಗೆ ಬರಬಹುದು ಎಂದು ಒಂದು ಪಕ್ಷ. ಹಾಗೆ ಊದಿಕೊಂಡು ಬಂದವರನ್ನು ಯಾರೂ ಕಂಡಿರಲಿಲ್ಲ. ಇಂಜೆಕ್ಷನ್ ಪೆಟ್ರೋಲನ್ನು ಒತ್ತಡದಲ್ಲಿ ಚಿಮ್ಮಿಸುತ್ತದೆ, ಅದಕ್ಕೆ ಬಟ್ಟಲೂ ಇಲ್ಲ, ವಾಲುವುದೂ ಇಲ್ಲ, ಗಾಡಿಯನ್ನು ತಲೆಕೆಳಗು ಮಾಡಿದರೂ ಎಂಜಿನ್ನು ಓಡುತ್ತದೆ ಎಂದು ಇನ್ನೊಂದು ಪಕ್ಷ. ತಲೆಕೆಳಗಾದ ಗಾಡಿಯ ಎಂಜಿನ್ನು ಓಡಿ ಯಾರಿಗೆ ಉಪಕಾರ ಎಂದು ಯಜಮಾನರ ಹೆಂಡತಿ ಕೇಳಿದರು. 

ಮೆಕ್ಯಾನಿಕ್ಕನನ್ನು ಕೇಳಿದರೆ ಅವನು ಅಡ್ಡಗೋಡೆಯ ಮೇಲೆ ದೀಪ ಇಟ್ಟ. ಕಾರ್ಬುರೇಟರ್ ಇಟ್ಟುಕೊಂಡರೂ ಒಳ್ಳೆಯದೇ ಸಾರ್, ಇಂಜೆಕ್ಷನ್ ಹಾಕಿಸಿದರೂ ಒಳ್ಳೆಯದೇ ಎಂದ. ಹೋದ ವರ್ಷ ಒಬ್ಬರಿಗೆ ಹಾಕಿಕೊಟ್ಟಿದ್ದನಂತೆ. ಈ ವರ್ಷ ಅವರಿಗೇ ತೆಗೆದುಕೊಟ್ಟನಂತೆ. ಎರಡು ಸಲವೂ ಅವರಿಗೆ ಬಹಳ ಸಂತೋಷವಾಯಿತಂತೆ.

ಹೆಂಡತಿ ಇನ್ನೊಂದು ಪ್ರಶ್ನೆ ಕೇಳಿದರು. "ಅಲ್ಲಾರೀ, ಈಗ ನಿಲ್ಲೋ ಕಡೆ ನಿಲ್ಲದೇ ಹೋದ್ರೆ, ಮುಂದೆ ಎಲ್ಲಿಗೆ ಹೋಗ್ಬೇಕು ಅಂತಿದೀರಿ?"

ಯಜಮಾನರು ಅದನ್ನು ಹೆಂಗಸರ ಪ್ರಶ್ನೆ ಎಂದು ಪಕ್ಕಕ್ಕಿಟ್ಟು ಇಂಜೆಕ್ಷನ್ ಹಾಕಿಸಿದರು. ಹೊಸ ಪಂಪು, ಹೊಸ ಪೈಪುಗಳು, ಇದೆಲ್ಲದರ ಮೇಲೆ ಅಧಿಕಾರ ಚಲಾಯಿಸಲು ಸಾಬೂನು ಪೆಟ್ಟಿಗೆಯಷ್ಟು ದೊಡ್ಡದೊಂದು ಕಂಪ್ಯೂಟರು. ಹಳೆಯ ಕಾರ್ಬುರೇಟರನ್ನು ಹೆಂಡತಿ ಸೀಮೆಎಣ್ಣೆಯಲ್ಲಿ ತೊಳೆದು, ಹಳೆ ಟವೆಲಿನಲ್ಲಿ ಸುತ್ತಿ ಅಟ್ಟದ ಮೇಲಿಟ್ಟರು.

ಭಾನುವಾರ ಬಂತು. ಟ್ರಕ್ಕಿನ ಒಂದೇ ಉದ್ದ ಸೀಟಿನಲ್ಲಿ ಸ್ಟೀರಿಂಗಿನ ಮುಂದೆ ಯಜಮಾನರು, ಕಿಟಕಿಯ ಬಳಿ ಫ್ಲಾಸ್ಕಿನ ಸಮೇತ ಹೆಂಡತಿ, ನಡುವೆ ಗೇರಿನ ಕೋಲನ್ನು ಮೊಣಕಾಲಿನ ಸಂದಿಯಲ್ಲಿ ಇಟ್ಟುಕೊಂಡು ಅಳಿಯ. ಮೊದಲ ಏರು ಎದುರಾಯಿತು. ಟ್ರಕ್ಕು ಕೆಮ್ಮಲಿಲ್ಲ, ಸೀನಲಿಲ್ಲ. ಮೂತಿ ಎತ್ತಿ, ಸರಸರನೆ, ಎಲ್ಲರಿಗಿಂತ ಮೊದಲು ತುದಿ ಮುಟ್ಟಿತು. ಇದನ್ನು ಕಂಡು ಗಾಬರಿಬಿದ್ದ ಕ್ಯಾಪ್ಟನ್ ತಪ್ಪು ಗೇರು ಹಾಕಿ, ನಡು ಏರಿನಲ್ಲಿ ನಿಂತುಹೋದ. ಕಾನೂನು ಅವನದೇ. ಅವನು ಕೊನೆಗೆ, ಬಾಲಂಗೋಚಿ ಮುಂದಕ್ಕೆ.

ಯಜಮಾನರ ಎದೆ ಅಂಗಿಯ ಗುಂಡಿಗಳನ್ನು ಪರೀಕ್ಷಿಸುವಷ್ಟು ಉಬ್ಬಿತು. ಅಳಿಯ ಭೇಷ್ ಮಾವ ಎಂದ. ಜನ್ಮದಲ್ಲೇ ಮೊದಲ ಸಲ ಕ್ವಾರಿಯ ದಾರಿ ಧೂಳಿಲ್ಲದೆ ಅವರ ಕಣ್ಣಿಗೆ ಬಿತ್ತು.

ಬಿದ್ದದ್ದೇ ತಡ, ಒಂದು ವಿಷಯ ಹೊಳೆಯಿತು. ಅವರಿಗೆ ದಾರಿ ಗೊತ್ತಿರಲಿಲ್ಲ. ಇಷ್ಟು ವರ್ಷ ಅವರು ನೋಡಿದ್ದು ಮುಂದಿನ ಗಾಡಿಯ ನಂಬರು ಪ್ಲೇಟು. ಅದು ತಿರುಗಿದರೆ ಇವರೂ ತಿರುಗುವರು, ಅದು ಇಳಿದರೆ ಇವರೂ ಇಳಿಯುವರು. ಈಗ ಮುಂದೆ ನಂಬರು ಪ್ಲೇಟಿಲ್ಲ. ದಾರಿ ಎರಡಾಗಿ ಸೀಳಿಕೊಂಡಿತ್ತು.

"ಯಾವ ಕಡೆ ಮಾವ?" ಎಂದು ಅಳಿಯ ಕೇಳಿದ.

ಗೊತ್ತಿಲ್ಲ ಎಂದರೆ ಮುಗಿಯುತ್ತಿತ್ತು. ಮೂರೇ ಅಕ್ಷರ. ಆದರೆ ಅಳಿಯನ ಮುಂದೆ ಆ ಮಾತು ಹೇಳುವ ಮಾವ ಇನ್ನೂ ಹುಟ್ಟಿಲ್ಲ. "ಬಲಗಡೆ" ಎಂದರು, ತಾವೇ ಆ ಕ್ವಾರಿಯನ್ನು ಅಗೆಸಿದವರಂತೆ.

"ಎಡಗಡೆ ರೀ," ಎಂದರು ಹೆಂಡತಿ. "ಆ ಒಡೆದ ನೀರಿನ ತೊಟ್ಟಿ ಕಾಣ್ತಿಲ್ವಾ? ಅದರ ನೆರಳಲ್ಲಿ ಎಷ್ಟು ಸಲ ಚಾ ಕುಡಿದಿದೀವಿ. ಬಲಗಡೆ ಹೋದ್ರೆ ಕೆಸರು."

ಗಾಡಿ ನಿಂತಾಗಲೆಲ್ಲ ಇಳಿದು ಸುತ್ತ ಕಣ್ಣಾಡಿಸಿದ್ದು ಆಕೆ ಒಬ್ಬರೇ. ಯಜಮಾನರಿಗೆ ಅದು ತಿಳಿಯದ್ದೇನಲ್ಲ. ಒಳಗಿನಿಂದ ಏನೋ ಎಡ, ಎಡ ಎಂದು ಪಿಸುಗುಟ್ಟಿತು ಕೂಡ. ಆದರೂ ಕೈ ಬಲಕ್ಕೆ ತಿರುಗಿತು.

ಬಲಗಡೆ ಒಂದು ಕಲ್ಲುಪುಡಿಯ ದಿಬ್ಬ. ಹಳೆಯ ಟ್ರಕ್ಕಾಗಿದ್ದರೆ ಅರ್ಧಕ್ಕೇ ಕೆಮ್ಮಿ, ಇವರನ್ನು ಇಳಿಸಿ, ಚಹಾ ಕುಡಿಸಿ, ಬುದ್ಧಿ ಬರುವಷ್ಟು ಸಮಯ ಕೊಡುತ್ತಿತ್ತು. ಅಷ್ಟು ವರ್ಷ ಬೈಸಿಕೊಂಡ ಆ ಬಟ್ಟಲು ಇಂಥ ಎಷ್ಟು ದಿಬ್ಬಗಳಿಂದ ತಮ್ಮನ್ನು ಕಾಪಾಡಿತ್ತೋ ಏನೋ. ಯಜಮಾನರು ಮೊಟ್ಟಮೊದಲ ಸಲ ತಮ್ಮ ಗಾಡಿ ನಿಲ್ಲಲಿ ಎಂದು ಮನಸಾರೆ ಬೇಡಿಕೊಂಡರು. ಬ್ರೇಕು ಒತ್ತಬಹುದಿತ್ತು, ನಿಜ. ಒತ್ತಿದರೆ ಅದು ತಾವೇ ನಿಲ್ಲಿಸಿದಂತಾಗುತ್ತದಲ್ಲ. ಟ್ರಕ್ಕು ದಿಬ್ಬವನ್ನು ಬೆಣ್ಣೆಯಂತೆ ಹತ್ತಿ, ಅತ್ತ ಕಡೆ ಇಳಿದು, ಒಣಗಿದ ನೆಲದಂತೆ ಕಾಣುತ್ತಿದ್ದ ಮೇಲ್ಪದರವನ್ನು ಒಡೆದು, ಬಾಗಿಲ ಹಿಡಿಯವರೆಗೆ ಕೆಸರಿನಲ್ಲಿ ಕುಳಿತಿತು.

ಹಿಂದಿನವರು ಕಾನೂನು ಪಾಲಿಸುವ ಜನ. ಧೂಳಿನಲ್ಲಿ ಏನೂ ಕಾಣದೆ, ಒಬ್ಬರ ಬೆನ್ನಿಗೆ ಒಬ್ಬರು ದಿಬ್ಬ ಹತ್ತಿ, ಶಿಸ್ತಾಗಿ ಬಂದು ಕೆಸರಿಗೆ ಬಿದ್ದರು. ಕೆಸರಿನಲ್ಲಿ ಜಾಗ ಸಾಲದೆ ದಿಬ್ಬದ ಮೇಲೆ ಒಣ ಚಕ್ರಗಳೊಂದಿಗೆ ಉಳಿದದ್ದು ಎಲ್ಲರಿಗಿಂತ ಕೊನೆಯಲ್ಲಿದ್ದ ಕ್ಯಾಪ್ಟನ್ ಒಬ್ಬ. ಅವನ ಹುಬ್ಬುಗಳು ಕೆಂಪಗಾಗಿದ್ದವು.

ಕೆಸರಿನ ನಡುವೆ ಇಂಜೆಕ್ಷನ್ ಎಂಜಿನ್ನು ಇನಿತೂ ತಡವರಿಸದೆ ಗುಂಯ್ ಎನ್ನುತ್ತಲೇ ಇತ್ತು. ಅಳಿಯ ಅದನ್ನು ಸ್ವಲ್ಪ ಹೊತ್ತು ಆಲಿಸಿ, "ಎಂಜಿನ್ ಮಾತ್ರ ತುಂಬಾ ಚೆನ್ನಾಗಿದೆ ಮಾವ" ಎಂದ. ಅವನು ಒಳ್ಳೆಯ ಮನೆತನದ ಹುಡುಗ.

ಕ್ಯಾಪ್ಟನ್ ಹಗ್ಗ ಎಸೆದು ಎಳೆಯತೊಡಗಿದ. ಕೊನೆಗೆ ಬಿದ್ದವನು ಮೊದಲು, ಅವನ ಮುಂದಿನವನು ಆಮೇಲೆ. ಈಚೆಗೆ ಬಂದವರು ಬಂದ ಹಾಗೆಯೇ ಮನೆಯ ಕಡೆಗೆ ಮುಖ ಮಾಡಿ ಸಾಲು ಕಟ್ಟಿದರು. ಎಲ್ಲರಿಗಿಂತ ಮೊದಲು ಬಿದ್ದ ಕನ್ನಡಕದ ಅಂಗಡಿಯವರು ಎಲ್ಲರಿಗಿಂತ ಕೊನೆಗೆ ಮೇಲೆ ಬಂದರು. ಸಾಲಿನಲ್ಲಿ ಅವರಿಗೆ ಉಳಿದಿದ್ದ ಜಾಗ ಯಾವುದೆಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಲಿಲ್ಲ.

ವಾಪಸು ಬರುವಾಗ ಇಡೀ ಕ್ಲಬ್ಬಿನ ಧೂಳು ಹಳೆಯ ಗೆಳೆಯನಂತೆ ಕಿಟಕಿಯೊಳಗೆ ಬಂತು. ಟ್ರಕ್ಕು ಒಂದೇ ಒಂದು ಕಡೆಯೂ ನಿಲ್ಲಲಿಲ್ಲ. ಫ್ಲಾಸ್ಕಿನ ಚಹಾ ಹಾಗೇ ಇತ್ತು. ಒಡೆದ ತೊಟ್ಟಿಯ ಹತ್ತಿರ ಬಂದಾಗ ಹೆಂಡತಿ, ಗಂಡನ ಮುಖವನ್ನು ನೋಡದೆ, ಕೇಳಿದರು.

"ಇದನ್ನ ನಿಲ್ಲಿಸೋಕಾಗುತ್ತಾ, ಇಲ್ಲಾ ಅದಕ್ಕೂ ಕಂಪ್ಯೂಟರನ್ನೇ ಕೇಳ್ಬೇಕಾ?"

ಯಜಮಾನರು ಬ್ರೇಕು ಒತ್ತಿ, ಕೀಲಿ ತಿರುಗಿಸಿದರು. ಮುಂದಿನ ಗಾಡಿಗಳ ಸದ್ದು ದೂರವಾಯಿತು. ತೊಟ್ಟಿಯ ನೆರಳಿನಲ್ಲಿ ಕುಳಿತ ಮೇಲೆ ಅವರು ಕೆಸರು ಮೆತ್ತಿದ ಕನ್ನಡಕ ತೆಗೆದು ಒರೆಸುತ್ತ, ಅಳಿಯನಿಗೆ ಹೇಳಿದರು.

"ನನಗೆ ದಾರಿ ಗೊತ್ತಿರ್ಲಿಲ್ಲಪ್ಪ."

"ಗೊತ್ತಾಯ್ತು ಮಾವ" ಎಂದ ಅಳಿಯ. ಹೆಂಡತಿ ಮೊದಲ ಲೋಟವನ್ನು ಗಂಡನ ಕೈಗೇ ಕೊಟ್ಟರು.